ಅಗ್ಗದ ಆಮದು ರಿವಾಲ್ವರ್: ಗುಣ ಅಳೆಯುವುದು ಹೇಗೆ, ಬೆಲೆ ಕಟ್ಟುವುದು ಹೇಗೆ?

2021ರ ಅಕ್ಟೋಬರ್ 21ರಂದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ‘ರಸ್ಟ್’ ಎಂಬ ಚಲನಚಿತ್ರದ ಪೂರ್ವಾಭ್ಯಾಸ ನಡೆಯುತ್ತಿತ್ತು. ನಟ ಅಲೆಕ್ ಬಾಲ್ಡ್‌ವಿನ್ ಅವರ ಕೈಯಲ್ಲಿದ್ದ ರಿವಾಲ್ವರ್‌ನಿಂದ ಸಿಡಿದ ಗುಂಡಿಗೆ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಬಲಿಯಾದರು; ನಿರ್ದೇಶಕ ಜೋಯೆಲ್ ಸೋಜಾ ಗಾಯಗೊಂಡರು. ಮೊಕದ್ದಮೆಯುದ್ದಕ್ಕೂ ಚರ್ಚೆಗೆ ಗುರಿಯಾದ ಆ ಆಯುಧ ಅಮೆರಿಕದ್ದೇ ಅಲ್ಲ. ಅದು ಇಟಲಿಯ ಪಿಯೆಟ್ಟಾ ಕಂಪನಿ ತಯಾರಿಸಿದ್ದು; 1873ರ ಕೋಲ್ಟ್ ರಿವಾಲ್ವರ್‌ನ ಪ್ರತಿರೂಪ. ಅಮೆರಿಕದ ಅಂಗಡಿಗಳಲ್ಲಿ ಈ ವರ್ಗದ ರಿವಾಲ್ವರ್‌ಗಳು ಸುಮಾರು ಐನೂರು ಡಾಲರ್ ಆಸುಪಾಸಿನಲ್ಲಿ ದೊರೆಯುತ್ತವೆ.

ಅಸಲಿ ಕೋಲ್ಟ್‌ನ ಮೂರನೇ ಒಂದು ಅಥವಾ ನಾಲ್ಕನೇ ಒಂದು ಭಾಗದ ಬೆಲೆಗೆ ಸಿಗುವ ಈ ‘ಸಿಂಗಲ್ ಆ್ಯಕ್ಷನ್’ ರಿವಾಲ್ವರ್‌ಗಳ ಗುಣಮಟ್ಟ ಎಂಥದು? ಕಡಿಮೆ ಬೆಲೆಯಲ್ಲಿ ಕಡಿತಗೊಂಡಿರುವುದು ಹೊಳಪೋ, ಹೆಸರೋ, ಸುರಕ್ಷತೆಯೋ? ಕೊಳ್ಳುವವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಕೇಳುತ್ತಾ ಬಂದಿರುವ ಪ್ರಶ್ನೆ ಇದು.

ಒಂದೇ ಕೆಲಸದ ಟ್ರಿಗರ್

ರಿವಾಲ್ವರ್‌ಗಳಲ್ಲಿ ಎರಡು ಬಗೆ. ಟ್ರಿಗರ್ ಎಳೆದರೆ ಸಾಕು, ಹ್ಯಾಮರ್ ತಾನೇ ಹಿಂದಕ್ಕೆ ಹೋಗಿ ಬಡಿಯುವುದು ‘ಡಬಲ್ ಆ್ಯಕ್ಷನ್’. ಪೊಲೀಸರ ಸೊಂಟದಲ್ಲಿ ನಮ್ಮ ಜನ ಕಂಡ ರಿವಾಲ್ವರ್‌ಗಳೆಲ್ಲ ಹೆಚ್ಚುಕಡಿಮೆ ಈ ಬಗೆಯವು. ಸಿಂಗಲ್ ಆ್ಯಕ್ಷನ್‌ನಲ್ಲಿ ಟ್ರಿಗರ್‌ಗೆ ಒಂದೇ ಕೆಲಸ: ಹಿಡಿದಿಟ್ಟ ಹ್ಯಾಮರನ್ನು ಬಿಟ್ಟುಕೊಡುವುದು. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆ ಎಳೆಯಬೇಕು. ಹಾಗೆ ಎಳೆಯುವಾಗಲೇ ಆರು ಗೂಡಿನ ಸಿಲಿಂಡರ್ ಒಂದು ಗೂಡಿನಷ್ಟು ತಿರುಗಿ, ಮುಂದಿನ ತೋಟಾ ನಳಿಗೆಯ ನೇರಕ್ಕೆ ಬಂದು ನಿಲ್ಲುತ್ತದೆ. ತೋಟಾ ತುಂಬುವುದೂ ಒಂದೊಂದಾಗಿಯೇ. ಬಲಬದಿಯ ಪುಟ್ಟ ಬಾಗಿಲನ್ನು ತೆರೆದು ತುಂಬಬೇಕು. ಸುಟ್ಟ ಖಾಲಿ ಕವಚವನ್ನು ನಳಿಗೆಯ ಕೆಳಗಿರುವ ಕಡ್ಡಿಯಿಂದ ಹಿಂದಕ್ಕೆ ತಳ್ಳಿ ಹೊರಹಾಕಬೇಕು.

ಈ ವಿನ್ಯಾಸ 1873ರಲ್ಲಿ ಅಮೆರಿಕದ ಸೇನೆ ಸೇರಿತು. ‘ಸಿಂಗಲ್ ಆ್ಯಕ್ಷನ್ ಆರ್ಮಿ’ ಎಂಬುದು ಅದರ ಅಧಿಕೃತ ಹೆಸರು, ‘ಪೀಸ್‌ಮೇಕರ್’ ಎಂಬುದು ಜನ ಕರೆದ ಹೆಸರು. ಆರಂಭದ .45 ಕೋಲ್ಟ್ ತೋಟಾದಲ್ಲಿ 40 ಗ್ರೇನ್, ಅಂದರೆ ಸುಮಾರು ಎರಡೂವರೆ ಗ್ರಾಂ ಕರಿಮದ್ದು ತುಂಬುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಬೇಡಿಕೆ ಬತ್ತಿ ಕೋಲ್ಟ್ ಕಂಪನಿ ಇದರ ತಯಾರಿಕೆಯನ್ನೇ ನಿಲ್ಲಿಸಿತ್ತು. ಟೆಲಿವಿಷನ್‌ನ ಕೌಬಾಯ್ ಕಥೆಗಳು ಮನೆಮನೆಗೆ ಬಂದ ಮೇಲೆ ಜನ ಮತ್ತೆ ಕೇಳತೊಡಗಿದರು. ಕೋಲ್ಟ್ 1956ರಲ್ಲಿ ಉತ್ಪಾದನೆ ಪುನರಾರಂಭಿಸಿತು. ಆದರೆ ಅಷ್ಟರಲ್ಲಿ ರೂಗರ್ ಕಂಪನಿ 1953ರಲ್ಲೇ ಸಿಂಗಲ್-ಸಿಕ್ಸ್, 1955ರಲ್ಲಿ ಬ್ಲ್ಯಾಕ್‌ಹಾಕ್ ಎಂಬ ಅಗ್ಗದ, ಗಟ್ಟಿ ರಿವಾಲ್ವರ್‌ಗಳನ್ನು ಮಾರುಕಟ್ಟೆಗೆ ತಂದಾಗಿತ್ತು.

ಬ್ರೆಷಾ ಕಣಿವೆಯ ಕೌಬಾಯ್ ಕೋವಿ

ಉತ್ತರ ಇಟಲಿಯ ಬ್ರೆಷಾ ಪ್ರಾಂತದಲ್ಲಿ ವಾಲ್ ತ್ರೋಂಪಿಯಾ ಎಂಬ ಕಣಿವೆ ಇದೆ. ಶತಮಾನಗಳಿಂದ ಕಬ್ಬಿಣ ಕರಗಿಸಿ ನಳಿಗೆ ಬಡಿಯುವುದೇ ಅಲ್ಲಿನ ಕಸುಬು. ಅಲ್ಲಿನ ಗಾರ್ದೊನೆ ಪಟ್ಟಣದ ಬೆರೆಟ್ಟಾ ಮನೆತನ 1526ರಲ್ಲಿ ವೆನಿಸ್‌ಗೆ 185 ನಳಿಗೆ ಪೂರೈಸಿದ ದಾಖಲೆ ಇದೆ. ಅಮೆರಿಕದ ಅಂತರ್ಯುದ್ಧದ ಶತಮಾನೋತ್ಸವ 1961ರಲ್ಲಿ ಸಮೀಪಿಸುತ್ತಿದ್ದಾಗ, ಹಳೆಯ ರಿವಾಲ್ವರ್‌ಗಳ ಪ್ರತಿರೂಪಕ್ಕೆ ಬೇಡಿಕೆ ಬರುವುದನ್ನು ಊಹಿಸಿದ ನೇವಿ ಆರ್ಮ್ಸ್ ಕಂಪನಿಯ ವಾಲ್ ಫೋರ್ಜೆಟ್ ಈ ಕಣಿವೆಯ ಕುಶಲಕರ್ಮಿಗಳನ್ನು ಹುಡುಕಿಕೊಂಡು ಹೋದರು. ಆಲ್ಡೊ ಉಬೆರ್ತಿ 1959ರಲ್ಲಿ ಕಂಪನಿ ಆರಂಭಿಸಿದ ಹಿನ್ನೆಲೆ ಇದು. ಮೊದಲು ಬಂದವು ಕೇಪು ಇಟ್ಟು ಸುಡುವ ಹಳೆಯ ಮಾದರಿಗಳು, ನಮ್ಮ ಮಲೆನಾಡಿನ ಕೇಪಿನ ಕೋವಿಯ ದೂರದ ಸಂಬಂಧಿಗಳೆನ್ನಬಹುದು. ಅನಂತರ ಬಂದದ್ದು ತೋಟಾ ಹಾಕುವ 1873ರ ಪ್ರತಿರೂಪ. 1960ರ ದಶಕದಲ್ಲಿ ಇದೇ ಪ್ರಾಂತದ ಗುಸ್ಸಾಗೊದಲ್ಲಿ ಪಿಯೆಟ್ಟಾ ಕುಟುಂಬವೂ ಈ ಕಸುಬಿಗಿಳಿಯಿತು.

ಸರ್ಜಿಯೊ ಲಿಯೋನೆ 1964ರಿಂದ ತೆಗೆದ ಇಟಾಲಿಯನ್ ಕೌಬಾಯ್ ಚಿತ್ರಗಳು ಜಗತ್ತನ್ನೇ ಆವರಿಸಿದವು. ಅದರ ಅಲೆ ರಾಮನಗರದ ಬಂಡೆಗಳವರೆಗೂ ಬಂದು ‘ಶೋಲೆ’ ಆದದ್ದು ಕನ್ನಡಿಗರಿಗೆ ಹೇಳಬೇಕಾದ ಸಂಗತಿಯೇನಲ್ಲ. 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಂಗಲ್ ಆ್ಯಕ್ಷನ್ ಶೂಟಿಂಗ್ ಸೊಸೈಟಿ ಸ್ಥಾಪನೆಯಾದ ಮೇಲಂತೂ ಹತ್ತೊಂಬತ್ತನೇ ಶತಮಾನದ ಉಡುಪು ತೊಟ್ಟು ಗುರಿಯಿಡುವುದು ಒಂದು ಕ್ರೀಡೆಯೇ ಆಯಿತು. ಒಬ್ಬ ಸ್ಪರ್ಧಿಗೆ ಎರಡು ರಿವಾಲ್ವರ್ ಬೇಕು. ಎರಡು ಕೋಲ್ಟ್ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲವಲ್ಲ! ಇಟಲಿಯ ಕಾರ್ಖಾನೆಗಳು ಹೊಟ್ಟೆ ತುಂಬಿಸಿಕೊಂಡದ್ದು ಈ ಲೆಕ್ಕದಿಂದ.

ಮಾರುಕಟ್ಟೆಯಲ್ಲಿ ಒಂದೇ ರಿವಾಲ್ವರ್ ಹಲವು ಹೆಸರಿನಲ್ಲಿ ಬರುವುದು ಹೊಸ ಗ್ರಾಹಕನನ್ನು ಗೊಂದಲಕ್ಕೀಡುಮಾಡುತ್ತದೆ. ಸಿಮರಾನ್, ಟೇಲರ್ಸ್, ಇಎಂಎಫ್ ಇವೆಲ್ಲ ಆಮದುದಾರರ ಹೆಸರು, ತಯಾರಕರದಲ್ಲ. ಒಳಗಿರುವುದು ಬಹುತೇಕ ಉಬೆರ್ತಿ ಅಥವಾ ಪಿಯೆಟ್ಟಾ. ಆಮದುದಾರರು ಹಿಡಿಯ ಆಕಾರ, ಸ್ಪ್ರಿಂಗ್‌ನ ಬಿಗಿ, ಮೇಲ್ಮೈಯ ಹೊಳಪು ಇಂಥವುಗಳಲ್ಲಿ ತಮ್ಮದೇ ಷರತ್ತು ಹಾಕಿ ಮಾಡಿಸಿಕೊಳ್ಳುವುದುಂಟು. ಆದ್ದರಿಂದ ಒಂದೇ ಕಾರ್ಖಾನೆಯ ಎರಡು ರಿವಾಲ್ವರ್‌ಗಳ ನಡುವೆ ಇನ್ನೂರು ಡಾಲರ್ ಅಂತರ ಕಂಡರೆ ಅಚ್ಚರಿಪಡಬೇಕಿಲ್ಲ. ಜರ್ಮನಿಯ ಮೆಲ್‌ರಿಷ್‌ಸ್ಟಾಟ್‌ನ ವೈರಾಖ್ ಕಂಪನಿಯ ‘ಬೌಂಟಿ ಹಂಟರ್’ ಕೂಡ ಇದೇ ಸಾಲಿನದು. ಅದು ನೋಟಕ್ಕೆ ಅಷ್ಟು ನಯವಲ್ಲ. ಆದರೆ ಕಟ್ಟು ಗಟ್ಟಿ.

ಐದೇ ತೋಟಾ ಏಕೆ?

ಗುಣಮಟ್ಟದ ಮಾತಿಗೆ ಮೊದಲು ಸುರಕ್ಷತೆಯ ಮಾತು ಬರಬೇಕು. 1873ರ ಮೂಲ ವಿನ್ಯಾಸದಲ್ಲಿ ತೋಟಾದ ತಳಕ್ಕೆ ಕುಟ್ಟುವ ಮೊಳೆ ಹ್ಯಾಮರ್‌ಗೇ ಜೋಡಿಸಲ್ಪಟ್ಟಿರುತ್ತದೆ. ಹ್ಯಾಮರ್ ಪೂರ್ತಿ ಕೆಳಗಿದ್ದಾಗ ಆ ಮೊಳೆ ಎದುರಿನ ತೋಟಾದ ಮೇಲೆಯೇ ಕುಳಿತಿರುತ್ತದೆ. ರಿವಾಲ್ವರ್ ಕೈಜಾರಿ ಹ್ಯಾಮರ್ ಮೇಲೆ ಬಿದ್ದರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು. ಹ್ಯಾಮರ್‌ನಲ್ಲಿ ಕೊರೆದಿರುವ ಮೊದಲ ಕಚ್ಚಿಗೆ ‘ಸೇಫ್ಟಿ’ ಎಂಬ ಹೆಸರಿದ್ದರೂ ಗಟ್ಟಿ ಪೆಟ್ಟಿಗೆ ಅದರ ಅಂಚು ಮುರಿಯಬಲ್ಲದು. ಹೀಗಾಗಿಯೇ ಆರು ಗೂಡಿನಲ್ಲಿ ಐದಕ್ಕೆ ಮಾತ್ರ ತೋಟಾ ತುಂಬಿ, ಹ್ಯಾಮರ್ ಕೆಳಗಿನ ಗೂಡನ್ನು ಖಾಲಿ ಬಿಡುವ ಪದ್ಧತಿ ಬೆಳೆದುಬಂದದ್ದು. ಸ್ಪರ್ಧೆಗಳಲ್ಲಿ ಇದು ನಿಯಮವೇ ಆಗಿದೆ.

‘ರಸ್ಟ್’ ಪ್ರಕರಣದಲ್ಲಿ ಎಫ್‌ಬಿಐ ಪ್ರಯೋಗಾಲಯ ನಡೆಸಿದ ಪರೀಕ್ಷೆಯಲ್ಲೂ ಇದೇ ವ್ಯತ್ಯಾಸ ಹೊರಬಿತ್ತು. ಹ್ಯಾಮರ್ ಕೆಳಗಿಳಿದಿದ್ದಾಗ ಅದರ ಮೇಲೆ ನೇರವಾಗಿ ಹೊಡೆದರೆ ತೋಟಾದ ಕೇಪು ಸಿಡಿಯುತ್ತಿತ್ತು. ಈ ಬಗೆಯ ರಿವಾಲ್ವರ್‌ಗೆ ಅದು ಸಹಜವೆಂದೇ ವರದಿ ಹೇಳಿತು. ಹ್ಯಾಮರ್ ಪೂರ್ತಿ ಹಿಂದಿದ್ದಾಗ ಮಾತ್ರ, ಟ್ರಿಗರ್ ಎಳೆಯದೆ ಅದು ಹಾರಲಿಲ್ಲ. ಕೊನೆಗೆ ಸುತ್ತಿಗೆಯಿಂದ ಬಡಿದು ಒಳಭಾಗ ಮುರಿದಾಗಲಷ್ಟೇ ಹ್ಯಾಮರ್ ಬಿತ್ತು. ಟ್ರಿಗರ್ ಎಳೆದಿಲ್ಲವೆಂಬುದು ಬಾಲ್ಡ್‌ವಿನ್ ಅವರ ವಾದವಾಗಿತ್ತು. ಅವರ ಮೇಲಿನ ಮೊಕದ್ದಮೆ ಸಾಕ್ಷ್ಯ ಮುಚ್ಚಿಟ್ಟ ಕಾರಣಕ್ಕೆ 2024ರ ಜುಲೈನಲ್ಲಿ ವಜಾ ಆಯಿತು. ಆಯುಧಗಳ ಹೊಣೆ ಹೊತ್ತಿದ್ದ ಹ್ಯಾನಾ ಗುಟಿಯೆರೆಜ್-ರೀಡ್ ಅವರಿಗೆ ಅದೇ ವರ್ಷ 18 ತಿಂಗಳ ಸೆರೆಯಾಯಿತು. ನಿಜವಾದ ತೋಟಾ ಚಿತ್ರೀಕರಣದ ಜಾಗಕ್ಕೆ ಬಂದದ್ದೇ ಅಲ್ಲಿನ ಮೂಲ ತಪ್ಪು. ಅದನ್ನು ರಿವಾಲ್ವರ್‌ನ ಅಗ್ಗದ ಬೆಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ವಿಚಿತ್ರವೆಂದರೆ ಸುರಕ್ಷತೆಯ ವಿಷಯದಲ್ಲಿ ಆಮದು ರಿವಾಲ್ವರ್‌ಗಿರುವ ಕಟ್ಟಳೆ ಅಮೆರಿಕದ ಸ್ವಂತ ಉತ್ಪನ್ನಕ್ಕಿಲ್ಲ. 1968ರ ಬಂದೂಕು ನಿಯಂತ್ರಣ ಕಾಯ್ದೆಯಂತೆ, ಹೊರಗಿನಿಂದ ಬರುವ ರಿವಾಲ್ವರ್ ಕ್ರೀಡೆಗೆ ಯೋಗ್ಯವೆಂದು ಸಾಬೀತಾಗಬೇಕು. ನಳಿಗೆ ಕನಿಷ್ಠ 3 ಅಂಗುಲ, ಚೌಕಟ್ಟು ಕನಿಷ್ಠ ನಾಲ್ಕೂವರೆ ಅಂಗುಲ ಇರಬೇಕು. ರಿವಾಲ್ವರ್‌ನಷ್ಟೇ ತೂಕದ ವಸ್ತುವನ್ನು 36 ಅಂಗುಲ ಎತ್ತರದಿಂದ ಹ್ಯಾಮರ್ ಮೇಲೆ ಐದು ಬಾರಿ ಬೀಳಿಸಿದರೂ ಸುರಕ್ಷತಾ ಸಾಧನ ತಡೆದುಕೊಳ್ಳಬೇಕು. ಸಿಂಗಲ್ ಆ್ಯಕ್ಷನ್ ಆದರೆ ಆ ಸಾಧನವನ್ನು ಕೈಯಿಂದ ಹಾಕುವಂತಿದ್ದರೂ ಸಾಕು. ಇದನ್ನು ಪೂರೈಸಲು ಇಟಲಿಯವರು ಹೂಡಿದ ಉಪಾಯ ಸರಳ: ಸಿಲಿಂಡರ್ ಮಧ್ಯದ ಅಚ್ಚಿನ ಕಡ್ಡಿಯನ್ನು ಉದ್ದ ಮಾಡಿ ಎರಡು ಕಚ್ಚು ಕೊರೆದರು. ಕಡ್ಡಿಯನ್ನು ಒಂದು ಕಚ್ಚು ಒಳಗೆ ತಳ್ಳಿದರೆ ಅದರ ತುದಿ ಹಿಂದೆ ಚಾಚಿ ಹ್ಯಾಮರ್ ಪೂರ್ತಿ ಬೀಳದಂತೆ ತಡೆಯುತ್ತದೆ. ಇದರ ಅರಿವಿಲ್ಲದೆ, ಕಡ್ಡಿ ಒಳಗೆ ಸರಿದಿದ್ದರೆ ‘ತೋಟಾ ಸುಡುತ್ತಿಲ್ಲ’ ಎಂದು ಹೊಸ ರಿವಾಲ್ವರನ್ನು ಅಂಗಡಿಗೆ ಮರಳಿ ತರುವವರೂ ಇದ್ದಾರೆ. ಉಬೆರ್ತಿಯ ಈಚಿನ ಮಾದರಿಗಳಲ್ಲಿ ಟ್ರಿಗರ್ ಒತ್ತಿದಾಗ ಮಾತ್ರ ಮುಂದೆ ಬರುವ ಮೊಳೆಯನ್ನು ಅಳವಡಿಸಲಾಗಿದೆ.

ರೂಗರ್ ಹಿಡಿದದ್ದು ಬೇರೆ ದಾರಿ. 1973ರಲ್ಲಿ ಅದು ಹ್ಯಾಮರ್ ಮತ್ತು ಮೊಳೆಯ ನಡುವೆ ‘ಟ್ರಾನ್ಸ್‌ಫರ್ ಬಾರ್’ ಎಂಬ ಲೋಹದ ಪಟ್ಟಿಯನ್ನಿಟ್ಟಿತು. ಟ್ರಿಗರ್ ಒತ್ತಿ ಹಿಡಿದಾಗ ಮಾತ್ರ ಪಟ್ಟಿ ಮೇಲೇರಿ ಹ್ಯಾಮರ್‌ನ ಪೆಟ್ಟನ್ನು ಮೊಳೆಗೆ ದಾಟಿಸುತ್ತದೆ. ಬೌಂಟಿ ಹಂಟರ್‌ನಲ್ಲಿರುವುದೂ ಇಂಥದೇ ವ್ಯವಸ್ಥೆ. ಈ ಬಗೆಯಲ್ಲಿ ಆರೂ ಗೂಡು ತುಂಬಬಹುದು. ಸೊಂಟಕ್ಕೆ ಕಟ್ಟಿಕೊಂಡು ಕಾಡುಮೇಡು ಸುತ್ತುವವರು ಅಂದಕ್ಕಿಂತ ಇದನ್ನೇ ಮೊದಲು ನೋಡುವುದು ಒಳಿತು.

ಅಂಗಡಿಯಲ್ಲಿ ನೋಡಬೇಕಾದ್ದು

ರಿವಾಲ್ವರ್ ಖಾಲಿಯಿದೆಯೆಂದು ಕಣ್ಣಾರೆ ಖಚಿತಪಡಿಸಿಕೊಂಡ ಮೇಲೆ, ಮೊದಲು ಹ್ಯಾಮರನ್ನು ನಿಧಾನವಾಗಿ ಎಳೆಯಬೇಕು. ಮೂಲ ವಿನ್ಯಾಸದಲ್ಲಿ ನಾಲ್ಕು ‘ಟಿಕ್’ ಸದ್ದು ಕೇಳುತ್ತದೆ. ಅವು ಕೋಲ್ಟ್ ಎಂಬ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳೆಂದು ಅಭಿಮಾನಿಗಳು ತಮಾಷೆ ಮಾಡುವುದುಂಟು. ಹ್ಯಾಮರ್ ಕೊನೆಯ ಕಚ್ಚಿಗೆ ಬಂದು ಕೂರುವ ಕ್ಷಣದಲ್ಲೇ ಸಿಲಿಂಡರ್ ಕೂಡ ಬೀಗ ಬಿದ್ದು ನಿಲ್ಲಬೇಕು. ಹ್ಯಾಮರ್ ಕೂತ ಮೇಲೂ ಸಿಲಿಂಡರ್ ಇನ್ನಷ್ಟು ತಿರುಗಿ ಬೀಗಕ್ಕೆ ಬಿದ್ದರೆ ಒಳಗಿನ ‘ಹ್ಯಾಂಡ್’ ಎಂಬ ತಳ್ಳುಗೋಲು ಗಿಡ್ಡವಾಗಿದೆ ಎಂದರ್ಥ. ಇದನ್ನು ಒಂದು ಗೂಡಿನಲ್ಲಿ ನೋಡಿದರೆ ಸಾಲದು, ಆರರಲ್ಲೂ ನೋಡಬೇಕು. ಐದು ಸರಿಯಿದ್ದು ಒಂದು ತಪ್ಪುವುದೇ ಅಗ್ಗದ ಮಾಲಿನ ಲಕ್ಷಣ. ನಳಿಗೆಯ ನೇರಕ್ಕೆ ಗೂಡು ಬರದಿದ್ದರೆ ಸೀಸದ ಗುಂಡಿನ ಅಂಚು ಕೆರೆದು, ಚೂರು ಪಕ್ಕಕ್ಕೆ ಸಿಡಿಯುತ್ತದೆ. ಅದು ತಾಗುವುದು ಹಾರಿಸಿದವನಿಗಿಂತ ಹೆಚ್ಚಾಗಿ ಪಕ್ಕದಲ್ಲಿ ನಿಂತವನಿಗೆ.

ಬೀಗ ಬಿದ್ದ ಸಿಲಿಂಡರನ್ನು ಬೆರಳಿನಿಂದ ಅಲುಗಿಸಿ ನೋಡಬೇಕು. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ಬಾಧಕವಿಲ್ಲ. ಹಿಂದಕ್ಕೂ ಮುಂದಕ್ಕೂ ಕಣ್ಣಿಗೆ ಕಾಣುವಷ್ಟು ಆಡಿದರೆ ಪ್ರತಿ ಗುಂಡೂ ಆ ಸಡಿಲವನ್ನು ಹೆಚ್ಚಿಸುತ್ತದೆ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದು 0.10ರಿಂದ 0.20 ಮಿಲಿಮೀಟರ್ ಇದ್ದರೆ ಸರಿ, 0.25 ದಾಟಿದರೆ ಬಿಸಿ ಅನಿಲ ವ್ಯರ್ಥವಾಗಿ ಸೋರುತ್ತದೆ, ತೀರಾ ಕಡಿಮೆಯಾದರೆ ಮಸಿ ಕಟ್ಟಿ ಸಿಲಿಂಡರ್ ತಿರುಗದು. ಇದನ್ನು ಅಳೆಯಲು ದುಬಾರಿ ಉಪಕರಣವೇನೂ ಬೇಡ. ಸ್ಕೂಟರ್ ಮೆಕ್ಯಾನಿಕ್ ಬಳಸುವ ಫೀಲರ್ ಗೇಜ್ ಸಾಕು.

ಗುರಿಯ ನಿಖರತೆಯಲ್ಲಿ ಎಲ್ಲಕ್ಕಿಂತ ನಿರ್ಣಾಯಕವಾದುದು ಅಂಗಡಿಯವರು ಹೇಳದ ಒಂದು ಅಳತೆ. ಗೂಡಿನ ಮುಂಭಾಗದ ಕಿರಿದಾದ ಬಾಯಿ, ನಳಿಗೆಯ ಒಳ ಅಳತೆಗೆ ಸಮನಾಗಿರಬೇಕು ಅಥವಾ ಒಂದೆಳೆ ದೊಡ್ಡದಿರಬೇಕು. ಚಿಕ್ಕದಾದರೆ ಗುಂಡು ಅಲ್ಲೇ ಕಿರಿದಾಗಿ, ನಳಿಗೆಯನ್ನು ಸರಿಯಾಗಿ ಹಿಡಿಯದೆ ಸಾಗುತ್ತದೆ. ನಳಿಗೆಗೆ ಸೀಸ ಮೆತ್ತುತ್ತದೆ, ಗುರಿ ಚದುರುತ್ತದೆ. .45 ಕೋಲ್ಟ್‌ಗೆ ಬಳಸುವ ಸೀಸದ ಗುಂಡು ಸಾಮಾನ್ಯವಾಗಿ 0.452 ಅಂಗುಲದ್ದು. ಅಂಥ ಬಿಡಿಗುಂಡನ್ನು ಮುಂದಿನಿಂದ ಪ್ರತಿ ಗೂಡಿಗೂ ಬೆರಳಿನಲ್ಲಿ ಒತ್ತಿ ನೋಡಿದರೆ, ಒಂದರಲ್ಲಿ ಜಾರಿ ಇನ್ನೊಂದರಲ್ಲಿ ಸಿಕ್ಕಿಕೊಳ್ಳುತ್ತಿದೆಯೇ ಎಂಬುದು ತಿಳಿಯುತ್ತದೆ. ಬಾಯಿ ಚಿಕ್ಕದಿದ್ದರೆ ಕುಶಲಕರ್ಮಿಯಿಂದ ಹಿಗ್ಗಿಸಿಕೊಳ್ಳಬಹುದು. ದೊಡ್ಡದಾಗಿದ್ದರೆ ಹೊಸ ಸಿಲಿಂಡರೇ ಗತಿ.

ಗುರಿ ನೋಡುವ ಮೊನೆ ಈ ರಿವಾಲ್ವರ್‌ಗಳಲ್ಲಿ ಸ್ಥಿರವಾದುದು, ತಿರುಗಿಸಿ ಸರಿಪಡಿಸುವಂಥದ್ದಲ್ಲ. ಗುಂಡು ಕೆಳಗೆ ಬೀಳುತ್ತಿದ್ದರೆ ಮೊನೆಯನ್ನು ಅರದಿಂದ ಸ್ವಲ್ಪಸ್ವಲ್ಪವೇ ತಗ್ಗಿಸಿ ಸರಿಮಾಡಬಹುದು. ಎಡಕ್ಕೋ ಬಲಕ್ಕೋ ಹೋಗುತ್ತಿದ್ದರೆ ನಳಿಗೆಯನ್ನೇ ತುಸು ತಿರುಗಿಸಬೇಕು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಇನ್ನು ಒಳಗಿನ ಸಂಗತಿ. ಮೂಲ ವಿನ್ಯಾಸದ ಚಪ್ಪಟೆ ಸ್ಪ್ರಿಂಗ್‌ಗಳು ಎಂದಾದರೂ ಮುರಿಯುವುದು ಖಂಡಿತ. ಅಸಲಿ ಕೋಲ್ಟ್‌ನಲ್ಲೂ ಮುರಿಯುತ್ತವೆ. ಟ್ರಿಗರ್ ಮತ್ತು ಬೀಗವನ್ನು ಹಿಡಿದಿಡುವ ಸ್ಪ್ರಿಂಗ್ ಮುರಿದರೆ ಕೆಲವು ಡಾಲರ್‌ನಲ್ಲಿ ಮುಗಿಯುತ್ತದೆ. ಆದರೆ ಹ್ಯಾಮರ್‌ನ ಕಚ್ಚು ಮೆದುವಾಗಿದ್ದು ಬೇಗ ಸವೆದರೆ ಅದು ಅಪಾಯ. ಹ್ಯಾಮರನ್ನು ಪೂರ್ತಿ ಎಳೆದು, ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಹದವಾಗಿ ಮುಂದಕ್ಕೆ ಒತ್ತಿದಾಗ ಜಾರಿದರೆ ಆ ರಿವಾಲ್ವರನ್ನು ಕೆಳಗಿಡಬೇಕು, ಚೌಕಾಶಿಯ ಅಗತ್ಯವಿಲ್ಲ.

ಬಣ್ಣಕ್ಕೆ ಮರುಳಾಗುವವರೇ ಹೆಚ್ಚು. ಮೂಳೆ, ಇದ್ದಿಲಿನೊಡನೆ ಕಾಯಿಸಿ ತಣಿಸಿದ ಹಳೆಯ ಕೋಲ್ಟ್ ಚೌಕಟ್ಟಿನಲ್ಲಿ ನೀಲಿ, ಬೂದು, ಕಂದು ಬಣ್ಣಗಳು ಮೋಡದಂತೆ ಹರಡಿರುತ್ತವೆ. ಅಗ್ಗದ ಮಾದರಿಗಳಲ್ಲಿ ರಾಸಾಯನಿಕದಿಂದ ಬರಿಸಿದ ಬಣ್ಣ ತುಸು ಮಂಕು, ಬೇಗ ಮಾಸುವಂಥದು. ಗುಂಡು ಹಾರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮರದ ಹಿಡಿ ಚೌಕಟ್ಟಿಗಿಂತ ಉಬ್ಬಿರುವುದು, ಹಿತ್ತಾಳೆಯ ಟ್ರಿಗರ್ ಕಾವಲಿನಲ್ಲಿ ಅರದ ಗುರುತು ಉಳಿದಿರುವುದು ಇವೂ ಅಷ್ಟೆ, ಕಣ್ಣಿಗೆ ಮಾತ್ರ.

ಯಾವ ತೋಟಾ?

ಉಕ್ಕಿನ ಬಲ ಎಷ್ಟೆಂದು ಹೊರನೋಟಕ್ಕೆ ತಿಳಿಯದು. ಇಲ್ಲಿ ನೆರವಿಗೆ ಬರುವುದು ಗಾರ್ದೊನೆಯ ರಾಷ್ಟ್ರೀಯ ಪರೀಕ್ಷಾಲಯದ ಮುದ್ರೆ. ಇಟಲಿಯಿಂದ ಹೊರಡುವ ಪ್ರತಿ ಬಂದೂಕನ್ನೂ ನಿಗದಿಗಿಂತ ಹೆಚ್ಚು ಒತ್ತಡದ ತೋಟಾದಿಂದ ಸುಟ್ಟು ಪರೀಕ್ಷಿಸಿ ಮುದ್ರೆಯೊತ್ತುತ್ತಾರೆ. ‘ಪಿಎನ್’ ಎಂದಿದ್ದರೆ ಅದು ಕರಿಮದ್ದಿಗೆ ಮಾತ್ರ. ‘ಪಿಎಸ್‌ಎಫ್’ ಎಂದಿದ್ದರೆ ಹೊಗೆರಹಿತ ಮದ್ದಿಗೂ ಸಲ್ಲುತ್ತದೆ. ಪಕ್ಕದ ಪುಟ್ಟ ಚೌಕದಲ್ಲಿ ತಯಾರಿಕೆಯ ವರ್ಷದ ಸಂಕೇತವಿರುತ್ತದೆ: ‘ಎಎ’ ಎಂದರೆ 1975, ‘ಎಬಿ’ ಎಂದರೆ 1976. ಅಮೆರಿಕದ ಕಾರ್ಖಾನೆಗಳು ತಮ್ಮ ಮಾಲನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಅಲ್ಲಿ ಸರ್ಕಾರಿ ಪರೀಕ್ಷಾಲಯದ ಕಟ್ಟಳೆ ಇಲ್ಲ. ಅಗ್ಗದ ಆಮದು ಎಂದು ಮೂಗು ಮುರಿಯುವವರು ಈ ಮುದ್ರೆಯನ್ನು ಮರೆಯುತ್ತಾರೆ.

ಆದರೆ ಮುದ್ರೆ ಇದೆಯೆಂದು ಸಿಕ್ಕ ತೋಟಾ ತುಂಬುವಂತಿಲ್ಲ. .45 ಕೋಲ್ಟ್‌ಗೆ ಅಮೆರಿಕದ ಮಾನದಂಡದಲ್ಲಿ ಒತ್ತಡದ ಮಿತಿ ಚದರ ಅಂಗುಲಕ್ಕೆ 14,000 ಪೌಂಡ್. ಅದೇ ಹೆಸರಿನಲ್ಲಿ, ರೂಗರ್‌ನ ದಪ್ಪ ಸಿಲಿಂಡರ್‌ಗೆಂದೇ ತಯಾರಾದ ಬಿರುಸಿನ ತೋಟಾಗಳೂ ಮಾರಾಟಕ್ಕಿವೆ. ಅವು ಇಟಲಿಯ ಪ್ರತಿರೂಪದೊಳಗೆ ಸಲೀಸಾಗಿ ಕೂರುತ್ತವೆ, ಸಿಲಿಂಡರನ್ನು ಸೀಳಲೂಬಲ್ಲವು. ಪೆಟ್ಟಿಗೆಯ ಮೇಲಿನ ಎಚ್ಚರಿಕೆ ಓದದೆ ಕೊಂಡವರಿಗೆ ಐನೂರು ಡಾಲರ್ ಮಾತ್ರವಲ್ಲ, ಬೆರಳೂ ನಷ್ಟವಾಗಬಹುದು. .357 ಮ್ಯಾಗ್ನಮ್ ಮಾದರಿಯ ಅನುಕೂಲವೆಂದರೆ ಅದರಲ್ಲಿ ಮೆದುವಾದ, ಅಗ್ಗದ .38 ಸ್ಪೆಷಲ್ ತೋಟಾ ಕೂಡ ಸುಡಬಹುದು. ಮೊದಲ ಬಾರಿ ಕೊಳ್ಳುವವರಿಗೆ ಇದೇ ಹೆಚ್ಚು ಲಾಭದಾಯಕ.

ಹಣಕ್ಕೆ ತಕ್ಕ ಮಾಲೇ?

ಹೊಸ ಉಬೆರ್ತಿ ಅಥವಾ ಪಿಯೆಟ್ಟಾ ಈಗ ಸ್ಥೂಲವಾಗಿ 450ರಿಂದ 700 ಡಾಲರ್. ಕೋಲ್ಟ್ ಎರಡು ಸಾವಿರ ಡಾಲರ್ ಸಮೀಪ. ಅಂತರದ ದೊಡ್ಡ ಪಾಲು ಹೆಸರಿಗೆ, ಹೊಳಪಿಗೆ, ಮರುಮಾರಾಟದ ಬೆಲೆಗೆ ಸಲ್ಲುತ್ತದೆ. ಕೋಲ್ಟ್ ಕೊಂಡವರು ಹತ್ತು ವರ್ಷದ ಬಳಿಕ ಮಾರಿದರೂ ಅಸಲು ಬಿಟ್ಟುಕೊಡುವುದಿಲ್ಲ. ಪ್ರತಿರೂಪದ ಬೆಲೆ ಅಂಗಡಿಯ ಹೊಸ್ತಿಲು ದಾಟಿದೊಡನೆ ಇಳಿಯುತ್ತದೆ. ಸಂಗ್ರಹಕ್ಕಾದರೆ ಆಮದು ಮಾಲು ಕೊಳ್ಳುವುದರಲ್ಲಿ ಅರ್ಥವಿಲ್ಲ. ವಾರವಾರ ನೂರಾರು ಗುಂಡು ಹಾರಿಸುವವರಿಗಾದರೆ ಅದೇ ಬುದ್ಧಿವಂತಿಕೆ. ಅಂದಹಾಗೆ, 2021ರಲ್ಲಿ ಕೋಲ್ಟ್ ಕಂಪನಿಯನ್ನೇ ಜೆಕ್ ಗಣರಾಜ್ಯದ ಸಮೂಹವೊಂದು ಕೊಂಡಿತು. ‘ಅಮೆರಿಕದ ಅಸಲಿ’ಯ ಒಡೆತನವೂ ಈಗ ಯುರೋಪಿನದೇ.

ಇದಕ್ಕೂ ಕೆಳಗಿನ ಮೆಟ್ಟಿಲಲ್ಲಿ ಹೆರಿಟೇಜ್ ಕಂಪನಿಯ .22 ಬೋರ್ ‘ರಫ್ ರೈಡರ್’ ಇದೆ. ತಯಾರಾಗುವುದು ಅಮೆರಿಕದಲ್ಲೇ; ಒಡೆತನ 2012ರಿಂದ ಬ್ರೆಜಿಲ್‌ನ ಟಾರಸ್ ಸಮೂಹದ್ದು. ಚೌಕಟ್ಟು ಉಕ್ಕಿನದಲ್ಲ, ಮಿಶ್ರಲೋಹದ್ದು. .22ರಂಥ ಸಣ್ಣ ತೋಟಾಕ್ಕೆ ಅದು ಸಾಕು. ಡಬ್ಬಿಗೆ ಗುರಿಯಿಟ್ಟು ಕಲಿಯುವವರಿಗೆ ಇದಕ್ಕಿಂತ ಅಗ್ಗದ್ದು ದೊರೆಯುವುದು ಕಷ್ಟ.

ಬಳಸಿದ ರಿವಾಲ್ವರ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ತಿರುಪುಗಳ ತಲೆಯನ್ನು. ಅವು ಜಜ್ಜಿಹೋಗಿದ್ದರೆ ಹಿಂದಿನ ಒಡೆಯ ಸರಿಯಾದ ಸ್ಕ್ರೂಡ್ರೈವರ್ ಇಲ್ಲದೆ ಒಳಗೆ ಕೈಹಾಕಿದ್ದಾನೆಂದು ತಿಳಿಯಬೇಕು. ತಯಾರಕ ಯಾರೆಂಬುದೂ ಮುಖ್ಯ. ಆರ್ಮಿ ಸಾನ್ ಮಾರ್ಕೊದಂತಹ ಕಂಪನಿಗಳು ಮುಚ್ಚಿ ಎಷ್ಟೋ ಕಾಲವಾಗಿದೆ. ಅವುಗಳ ಬಿಡಿಭಾಗಕ್ಕೆ ಅಲೆಯಬೇಕು, ಸಿಕ್ಕರೂ ಅರ ಹಿಡಿದು ಹೊಂದಿಸಬೇಕು.

ಇಲ್ಲಿನವರಿಗೆ

ಅಮೆರಿಕದಲ್ಲಿರುವ ಕನ್ನಡಿಗರು ಒಂದು ವಿಷಯ ಅರಿತಿರುವುದು ಅಗತ್ಯ. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಹೊಂದುವುದು ಅಲ್ಲಿನ ಒಕ್ಕೂಟ ಕಾನೂನಿನಂತೆ ಸಾಮಾನ್ಯವಾಗಿ ಅಪರಾಧ. ಅಧಿಕೃತ ಬೇಟೆ ಪರವಾನಗಿಯಂತಹ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿರ್ಬಂಧವಿಲ್ಲ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. 2019ರ ತಿದ್ದುಪಡಿಯ ಬಳಿಕ ಒಬ್ಬರಿಗೆ ಎರಡೇ ಬಂದೂಕು. ಆಮದು ನಿರ್ಬಂಧಿತವಾಗಿದ್ದು, ಮಾನ್ಯತೆ ಪಡೆದ ಗುರಿಕಾರರಿಗೆ ಷರತ್ತಿನ ಮೇಲೆ ಅವಕಾಶವಿದೆ. ಸಾಮಾನ್ಯ ಪರವಾನಗಿದಾರರಿಗೆ ಬಹುಕಾಲದಿಂದ ದೊರೆಯುತ್ತಾ ಬಂದಿರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಬೋರ್ ಡಬಲ್ ಆ್ಯಕ್ಷನ್ ರಿವಾಲ್ವರ್. ಅದೇ ಊರಿನ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ಬಿಡುಗಡೆ ಮಾಡಿದ ಹಗುರ ‘ನಿರ್ಭೀಕ್’ ಮಾದರಿಗೆ ಇಟ್ಟ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಆಗಿನ ವಿನಿಮಯ ದರದಲ್ಲಿ ಸುಮಾರು ಎರಡು ಸಾವಿರ ಡಾಲರ್.